ಶ್ಯಾಮನ ತಾಯಿಯಿಂದ ಕಲಾಪಥಕದವರೆಗೆ

ಕನ್ನಡನಾಡಿನ ಮಗುವಿಗೆ ಪರದುಃಖದ ಮೊದಲ ಪಾಠ ದೊರೆಯುವುದು ನೀತಿವಾಕ್ಯಗಳಿಂದಲ್ಲ, ಗೋವಿನ ಹಾಡಿನಿಂದ. ಹಸಿದ ಹುಲಿಗೆ ಮಾತು ಕೊಟ್ಟ ಹಸು ಕರುವಿಗೆ ಹಾಲೂಡಿಸಿ, ಅದನ್ನು ಒಡಹುಟ್ಟಿದವರ ವಶಕ್ಕೆ ಒಪ್ಪಿಸಿ, ಮರಳಿ ಕಾಡಿಗೆ ನಡೆಯುವ ಸಂದರ್ಭವನ್ನು ಕೇಳಿ ಕಣ್ಣು ತುಂಬದ ಮಕ್ಕಳು ವಿರಳ. ಎರಡನೆಯ ಪಾಠ ಉಡುಪಿಯ ಕನಕನ ಕಿಂಡಿಯದು. ಒಳಗೆ ಬರಗೊಡದವರ ಕಡೆಗೆ ಬೆನ್ನು ಮಾಡಿ ದೇವರು ಹೊರಗೆ ನಿಂತವನ ಕಡೆಗೆ ತಿರುಗಿದನೆಂಬ ಐತಿಹ್ಯವನ್ನು ಅಜ್ಜಿಯರು ಮೊಮ್ಮಕ್ಕಳಿಗೆ ಹೇಳುತ್ತ ಬಂದಿದ್ದಾರೆ. ಎರಡೂ ಕಥೆಗಳ ಶಕ್ತಿ ನಿರ್ವಿವಾದವಾದುದು. ಹೀಗಿದ್ದರೂ ಎರಡೂ ಒಂದು ಹೊಸ್ತಿಲ ಬಳಿ ನಿಂತುಬಿಡುತ್ತವೆ. ಹುಲಿ ಪಶ್ಚಾತ್ತಾಪದಿಂದ ಪ್ರಾಣ ಬಿಡುತ್ತದೆ, ದೇವರು ತಿರುಗುತ್ತಾನೆ, ಬಾಗಿಲು ಮಾತ್ರ ಮುಚ್ಚಿದಂತೆಯೇ ಇರುತ್ತದೆ. ಕೇಳಿ ಅತ್ತ ಮಗು ಮರುದಿನ ಬೆಳಿಗ್ಗೆ ಎದ್ದು ಏನು ಮಾಡಬೇಕೆಂಬುದನ್ನು ಕಥೆ ಹೇಳುವುದಿಲ್ಲ. ಹೇಳಬೇಕಾದುದು ಅದರ ಕೆಲಸವೂ ಅಲ್ಲವೆಂದು ರಸಿಕರು ವಾದಿಸಬಹುದು.

ಆ ಮರುದಿನದ ಪ್ರಶ್ನೆಯನ್ನು ಗಂಭೀರವಾಗಿ ಎತ್ತಿಕೊಂಡ ಒಂದು ಪರಂಪರೆ ಇಪ್ಪತ್ತನೆಯ ಶತಮಾನದ ಮಹಾರಾಷ್ಟ್ರದಲ್ಲಿ ಬೆಳೆಯಿತು. ಅದರ ಕೇಂದ್ರಪುರುಷರು ಸಾನೆ ಗುರೂಜಿಯವರು. ಅದರ ಸಂಸ್ಥೆಗಳು ನೆಲೆಗೊಂಡದ್ದು ಬಹುಮಟ್ಟಿಗೆ ಪುಣೆಯಲ್ಲಿ. ಪುಣೆಯ ಕನ್ನಡಿಗರು ನಿತ್ಯ ನೋಡುವ ಬೀದಿಗಳಲ್ಲಿಯೇ ನಡೆದ ಈ ಪ್ರಯೋಗಕ್ಕೆ ಕನ್ನಡದ ಎಳೆಗಳೂ ಕೂಡಿಕೊಂಡಿವೆ ಎಂಬುದು ಅಷ್ಟಾಗಿ ಗಮನಕ್ಕೆ ಬಂದಿಲ್ಲ.

ಪಾಂಡುರಂಗ ಸದಾಶಿವ ಸಾನೆಯವರು ೧೮೯೯ರ ಡಿಸೆಂಬರ್ ೨೪ರಂದು ರತ್ನಾಗಿರಿ ಜಿಲ್ಲೆಯ ಪಾಲಗಡದಲ್ಲಿ ಜನಿಸಿದರು. ಖೋತರ ಮನೆತನ, ಆದರೆ ಅವರ ಬಾಲ್ಯದ ಹೊತ್ತಿಗೆ ಮನೆಯ ಸ್ಥಿತಿ ಇಳಿದುಹೋಗಿತ್ತು. ಪುಣೆಯ ನೂತನ ಮರಾಠಿ ವಿದ್ಯಾಲಯದಲ್ಲಿಯೂ ಆಗಿನ ನ್ಯೂ ಪೂನಾ ಕಾಲೇಜಿನಲ್ಲಿಯೂ ಓದಿದರು. ತಾಯಿ ೧೯೧೭ರಲ್ಲಿಯೇ ತೀರಿಕೊಂಡಿದ್ದರು. ೧೯೨೪ರಲ್ಲಿ ಖಾನದೇಶದ ಅಮಳನೇರಿನ ಪ್ರತಾಪ ಹೈಸ್ಕೂಲಿನಲ್ಲಿ ಶಿಕ್ಷಕರಾಗಿ ಸೇರಿ, ವಿದ್ಯಾರ್ಥಿನಿಲಯದ ಹೊಣೆಯನ್ನೂ ಹೊತ್ತರು. ಅವರ ಶಿಕ್ಷಣ ಪದ್ಧತಿ ಅಲ್ಲಿ ರೂಪುಗೊಂಡಿತು. ಹುಡುಗರು ಕೋಣೆಯನ್ನು ಕಸ ಮಾಡಿ ಹೋದರೆ ಗುರೂಜಿ ಬೈಯುತ್ತಿರಲಿಲ್ಲ, ತಾವೇ ಗುಡಿಸುತ್ತಿದ್ದರು. ಬಟ್ಟೆಗಳನ್ನು ರಾಶಿ ಹಾಕಿದ್ದರೆ ತಾವೇ ಒಗೆದು ಒಣಗಿಸುತ್ತಿದ್ದರು. ನಾಚಿಕೊಂಡ ಹುಡುಗ ಮರುದಿನ ಪೊರಕೆ ಹಿಡಿಯುತ್ತಿದ್ದ. ಪ್ರತಿದಿನ ತಮ್ಮ ಕೈಯಿಂದಲೇ ಬರೆದ ಒಂದು ಪತ್ರಿಕೆಯನ್ನು ಹುಡುಗರ ಮುಂದಿಡುತ್ತಿದ್ದರು. ೧೯೩೦ರಲ್ಲಿ ಕೆಲಸ ಬಿಟ್ಟು ಸತ್ಯಾಗ್ರಹಕ್ಕೆ ಇಳಿದರು. ಅಲ್ಲಿಂದ ಮುಂದೆ ಸೆರೆಮನೆಯೇ ಅವರ ಬರವಣಿಗೆಯ ಕೋಣೆಯಾಯಿತು. ೧೯೩೨ರಲ್ಲಿ ಧುಳೆಯ ಸೆರೆಮನೆಯಲ್ಲಿ ವಿನೋಬಾ ಭಾವೆಯವರು ಗೀತೆಯನ್ನು ಕುರಿತು ನೀಡಿದ ಪ್ರವಚನಗಳನ್ನು ಬರೆದುಕೊಂಡು ಉಳಿಸಿಕೊಟ್ಟವರು ಇವರೇ.

೧೯೩೩ರ ಫೆಬ್ರವರಿಯಲ್ಲಿ ನಾಸಿಕದ ಸೆರೆಮನೆಯಲ್ಲಿ, ಕೆಲವೇ ದಿನಗಳ ಅವಧಿಯಲ್ಲಿ, ‘ಶ್ಯಾಮಚಿ ಆಈ’ ಗ್ರಂಥದ ಬಹುಭಾಗ ಬರೆಯಲ್ಪಟ್ಟಿತು. ಗ್ರಂಥ ಪ್ರಕಟವಾದುದು ೧೯೩೫ರಲ್ಲಿ. ಮುಂದೆ ಅದನ್ನು ಮುದ್ರಿಸಿ ಮನೆಮನೆಗೆ ತಲುಪಿಸಿದ ಸಂಸ್ಥೆ ಪುಣೆಯ ಅನಾಥ ವಿದ್ಯಾರ್ಥಿ ಗೃಹ. ೧೯೦೯ರಲ್ಲಿ ಹುಟ್ಟಿ, ಈಗ ಪುಣೆ ವಿದ್ಯಾರ್ಥಿ ಗೃಹವೆಂಬ ಹೆಸರಿನಿಂದ ನಡೆಯುತ್ತಿರುವ ಈ ಸಂಸ್ಥೆ ಬಡ ಹುಡುಗರಿಗೆ ಊಟ, ವಸತಿ, ವಿದ್ಯೆ ಕೊಡುವುದಕ್ಕಾಗಿ ಏರ್ಪಟ್ಟದ್ದು. ತಾಯಿಯ ನೆನಪಿನ ಪುಸ್ತಕವೊಂದು ತಾಯಿಯಿಲ್ಲದ ಹುಡುಗರ ಮನೆಯಿಂದ ಹೊರಬಿದ್ದುದು ಆಕಸ್ಮಿಕವೇ ಇರಬಹುದು. ಆದರೂ ಹೃದ್ಯವಾದ ಆಕಸ್ಮಿಕ.

ಗ್ರಂಥದ ರಚನೆ ಸರಳ. ಆಶ್ರಮವೊಂದರಲ್ಲಿ ಸಂಜೆಯ ಪ್ರಾರ್ಥನೆಯಾದ ಮೇಲೆ ಶ್ಯಾಮನೆಂಬವನು ಗೆಳೆಯರಿಗೆ ತನ್ನ ತಾಯಿಯ ಕಥೆಯನ್ನು ದಿನಕ್ಕೊಂದರಂತೆ ಹೇಳುತ್ತಾನೆ. ಅಧ್ಯಾಯಗಳಿಗೆ ರಾತ್ರಿಗಳೆಂದೇ ಹೆಸರು. ಅಂಥ ರಾತ್ರಿಗಳು ೪೨. ಪುರಾಣ ಕೇಳುವುದಕ್ಕೆ ಬಂದಂತೆ ಊರಿನವರೂ ಬಂದು ಕೂಡುತ್ತಾರೆ. ಹರಿಕಥೆ ಕೀರ್ತನೆಗಳ ಕೇಳ್ಮೆಯಲ್ಲಿ ಬೆಳೆದವರಿಗೆ ಈ ಚೌಕಟ್ಟು ಅಪರಿಚಿತವಲ್ಲ. ವ್ಯತ್ಯಾಸವಿಷ್ಟೆ: ಇಲ್ಲಿ ಕಥಾನಾಯಕಿ ದೇವತೆಯಲ್ಲ, ಸಾಲದ ಮನೆಯ ಗೃಹಿಣಿ. ಸ್ನಾನವಾದ ಮೇಲೆ ಅಂಗಾಲಿಗೆ ಮಣ್ಣು ಹತ್ತಬಾರದೆಂದು ಹಟ ಹಿಡಿಯುವ ಮಗನಿಗಾಗಿ ಆಕೆ ತನ್ನ ಸೀರೆಯ ಸೆರಗನ್ನು ಕಲ್ಲಿನ ಮೇಲೆ ಹಾಸುತ್ತಾಳೆ. ಕಾಲಿಗೆ ಹೊಲಸು ಹತ್ತದಂತೆ ಕಾಯುವ ಹಾಗೆಯೇ ಮನಸ್ಸಿಗೂ ಹತ್ತದಂತೆ ಕಾದುಕೊಳ್ಳೆಂದು ಹೇಳುತ್ತಾಳೆ. ಮರಾಠಿ ಬಲ್ಲ ಮನೆಗಳಲ್ಲಿ ಈ ಸನ್ನಿವೇಶವನ್ನು ಅರಿಯದವರಿಲ್ಲ.

ಇತಿಹಾಸದ ದೃಷ್ಟಿಯಿಂದ ಹೆಚ್ಚು ಮಹತ್ವದ್ದು ಇನ್ನೊಂದು ರಾತ್ರಿಯ ಕಥೆ. ಕಟ್ಟಿಗೆಯ ಹೊರೆ ಹೊತ್ತು ಬಂದ ಮುದುಕಿಯೊಬ್ಬಳ ತಲೆಯಿಂದ ಹೊರೆ ಜಾರಿಬಿದ್ದಿದೆ. ಆಕೆ ಮಹಾರ ಜಾತಿಯವಳು. ಬ್ರಾಹ್ಮಣರ ಕೇರಿಯಲ್ಲಿ ಹೊರೆ ಎತ್ತಿಕೊಡುವವರಿಲ್ಲ. ಶ್ಯಾಮನ ತಾಯಿ ಮಗನಿಗೆ, ಹೋಗಿ ಹೊರೆ ಎತ್ತಿಕೊಡು, ಬಂದು ಸ್ನಾನ ಮಾಡು ಎನ್ನುತ್ತಾಳೆ. ಮಗ ಹಾಗೆಯೇ ಮಾಡುತ್ತಾನೆ. ಸಾಧಾರಣ ನೀತಿಕಥೆಗಾರನಾಗಿದ್ದರೆ ಆ ಸ್ನಾನದ ಮಾತನ್ನು ಬಿಟ್ಟುಬಿಡುತ್ತಿದ್ದನು. ತಾಯಿಯ ಚಿತ್ರ ಇನ್ನಷ್ಟು ಉಜ್ವಲವಾಗುತ್ತಿತ್ತು. ಗುರೂಜಿ ಬಿಡಲಿಲ್ಲ. ಆ ಕಾಲದ ಒಬ್ಬ ಸಾಧ್ವಿ ಎಷ್ಟು ದೂರ ನಡೆಯಬಲ್ಲವಳಾಗಿದ್ದಳೋ ಅಷ್ಟನ್ನೇ ಬರೆದರು. ಮರುಕವು ಆಚಾರದ ಬೇಲಿಯನ್ನು ಒಂದು ಕ್ಷಣ ದಾಟಿ, ಮತ್ತೆ ಬಚ್ಚಲಿನ ಮೂಲಕ ಒಳಗೆ ಬರುತ್ತದೆ. ಕನಕನ ಕಿಂಡಿಯಂತೆಯೇ ಇದೂ ಒಂದು ಕಿಂಡಿ. ಅದರ ಅಳತೆಯನ್ನು ಮುಚ್ಚಿಡದೆ ತೋರಿಸಿದುದೇ ಈ ಪುಸ್ತಕದ ಪ್ರಾಮಾಣಿಕತೆ ಎನ್ನಬೇಕು.

ಆ ಸ್ನಾನದ ಋಣವನ್ನು ಗ್ರಂಥಕರ್ತರು ಬೇರೊಂದು ಕಡೆ ತೀರಿಸಿದರು. ಪಂಢರಪುರದ ವಿಠ್ಠಲ ಮಂದಿರವನ್ನು ಅಸ್ಪೃಶ್ಯರೆನಿಸಿಕೊಂಡವರಿಗೆ ತೆರೆಯಬೇಕೆಂದು ಅವರು ತಿಂಗಳುಗಟ್ಟಲೆ ಮಹಾರಾಷ್ಟ್ರವನ್ನು ಸುತ್ತಿದರು. ಆ ಸಂಚಾರದಲ್ಲಿ ಹಲವು ಊರುಗಳ ಬಾವಿಗಳೂ ಗುಡಿಗಳೂ ತೆರೆದವು. ೧೯೪೭ರ ಮೇ ೧ರಂದು ಪಂಢರಪುರದಲ್ಲಿ ಉಪವಾಸ ಆರಂಭವಾಯಿತು. ಗಾಂಧೀಜಿಯವರ ಸಮ್ಮತಿ ಇದಕ್ಕೆ ಇರಲಿಲ್ಲ. ಹತ್ತನೆಯ ದಿನ, ಮಂದಿರದ ಬಡವೆಗಳು ಒಪ್ಪಿದ ಬಳಿಕ, ಉಪವಾಸ ಮುಗಿದು ಬಾಗಿಲು ತೆರೆಯಿತು. ಇಲ್ಲಿ ಕನ್ನಡಿಗರು ಒಂದು ಸಂಗತಿಯನ್ನು ನೆನೆಯತಕ್ಕದ್ದು. ಈ ವಿಠ್ಠಲನನ್ನು ಜ್ಞಾನೇಶ್ವರರೇ ಕನ್ನಡದವನೆಂದು, ಕರ್ನಾಟಕದವನೆಂದು ಹಾಡಿದ್ದಾರೆ. ಪುರಂದರದಾಸರ ಅಂಕಿತವೂ ಅವನದೇ. ಎರಡು ಭಾಷೆಗಳ ಭಕ್ತರು ನೂರಾರು ವರ್ಷ ಕೂಡಿ ಹಾಡಿದರೂ ತೆರೆಯದ ಬಾಗಿಲು ಅದು. ಹಾಡು ವ್ಯರ್ಥವಾಗಿತ್ತೆಂದು ಇದರ ಅರ್ಥವಲ್ಲ. ಹಾಡಿನಿಂದ ಮೆತ್ತಗಾದ ಮನಸ್ಸನ್ನು ಬಾಗಿಲಿನವರೆಗೆ ನಡೆಸಿಕೊಂಡು ಹೋಗುವವನೊಬ್ಬ ಬೇಕಾಗಿತ್ತು.

ಹಾಗೆ ನಡೆಸುವ ಕೆಲಸವನ್ನು ಒಬ್ಬ ವ್ಯಕ್ತಿಯ ಉಪವಾಸಕ್ಕೆ ಬಿಡದೆ ಮಕ್ಕಳ ದಿನಚರಿಗೆ ಸೇರಿಸಿದುದು ರಾಷ್ಟ್ರ ಸೇವಾದಳ. ಸೇವಾದಳವೆಂಬ ಕಲ್ಪನೆಯ ಮೂಲ ಹುಬ್ಬಳ್ಳಿಯದು. ಡಾ. ನಾ. ಸು. ಹರ್ಡೀಕರರು ೧೯೨೩ರ ಕಾಕಿನಾಡ ಕಾಂಗ್ರೆಸ್ಸಿನ ಹೊತ್ತಿಗೆ ಹಿಂದುಸ್ತಾನಿ ಸೇವಾದಳವನ್ನು ಕಟ್ಟಿದರು. ಅದೇ ಧ್ಯೇಯವನ್ನು ಎತ್ತಿಕೊಂಡು ೧೯೪೧ರ ಜೂನ್ ೪ರಂದು ಪುಣೆಯಲ್ಲಿ ರಾಷ್ಟ್ರ ಸೇವಾದಳವು ಎಸ್. ಎಂ. ಜೋಶಿಯವರ ನಾಯಕತ್ವದಲ್ಲಿ ಸ್ಥಾಪಿತವಾಯಿತು. ಸಂಜೆಯ ಶಾಖೆಗೆ ಹುಡುಗರೂ ಹುಡುಗಿಯರೂ ಒಟ್ಟಿಗೆ ಬರುತ್ತಿದ್ದರು, ಜಾತಿ ಕೇಳುವವರಿರಲಿಲ್ಲ. ಕವಾಯತು, ಆಟ, ಹಾಡು, ಕಥೆ ಎಲ್ಲವೂ ಇದ್ದವು. ಆ ಕಾಲದ ಪುಣೆಯ ಪೇಟೆಗಳ ಮನೆಮಾತು ಬಲ್ಲವರಿಗೆ, ಹುಡುಗಿಯರು ಸಂಜೆ ಮೈದಾನಕ್ಕೆ ಬಂದು ಬೇರೆ ಜಾತಿಯ ಹುಡುಗರೊಡನೆ ಆಡುವುದು ಎಂಥ ಸಾಹಸವಾಗಿತ್ತೆಂಬುದನ್ನು ವಿವರಿಸಬೇಕಾಗಿಲ್ಲ.

ಸೇವಾದಳದ ಎರಡು ಅಂಗಗಳು ಪ್ರಕೃತ ವಿಷಯಕ್ಕೆ ಸಂಬಂಧಪಟ್ಟವು: ಕಲಾಪಥಕ ಮತ್ತು ಸೇವಾಪಥಕ. ಕಲಾಪಥಕದ ಮುಂಚೂಣಿಯಲ್ಲಿದ್ದವರು ಕವಿ ವಸಂತ ಬಾಪಟರು. ಪೋವಾಡ, ಲೋಕಗೀತೆ, ತಮಾಷಾದ ಧಾಟಿಯ ಪ್ರಹಸನ ಇವೇ ಅದರ ಸಾಮಗ್ರಿ. ಉತ್ತರ ಕರ್ನಾಟಕದಲ್ಲಿ ಸ್ವಾತಂತ್ರ್ಯ ಚಳವಳಿಯ ಕಾಲದಲ್ಲಿ ಗೀಗೀ ಮೇಳದವರು ಹಳ್ಳಿಗಳಲ್ಲಿ ಮಾಡಿದ ಕೆಲಸವನ್ನು ನೆನೆದರೆ ಇದರ ಸ್ವರೂಪ ತಿಳಿಯುತ್ತದೆ. ಆದರೆ ಗೀಗೀ ಮೇಳ ಪಳಗಿದ ಕಲಾವಿದರದು. ಇಲ್ಲಿ ಹಾಡುವವರು ಶಾಲೆ ಕಾಲೇಜುಗಳ ಹುಡುಗ ಹುಡುಗಿಯರು. ಮರ್ಯಾದಸ್ಥರ ಮಕ್ಕಳು ನೋಡಲೂ ಬಾರದೆಂದು ಹೇಳಲಾಗುತ್ತಿದ್ದ ತಮಾಷಾವನ್ನು ಆ ಮಕ್ಕಳೇ ವೇದಿಕೆಗೆ ತಂದರು. ಪು. ಲ. ದೇಶಪಾಂಡೆಯವರು ‘ಪುಢಾರೀ ಪಾಹಿಜೇ’ ಎಂಬ ರಾಜಕೀಯ ವಿಡಂಬನೆಯನ್ನು ಬರೆದುಕೊಟ್ಟದ್ದು ಈ ಕಲಾಪಥಕಕ್ಕಾಗಿ. ಪುಣೆಯ ಸೇನಾ ವೈದ್ಯಕೀಯ ಕಾಲೇಜಿನಲ್ಲಿ ತೋಟದ ಕೆಲಸ ಮಾಡುತ್ತಿದ್ದ ನಿಳು ಫುಲೆಯವರು ನಟರಾಗಿ ಬೆಳೆದುದೂ, ದಾದಾ ಕೋಂಡಕೆಯವರು ವೇದಿಕೆಯನ್ನು ಅಭ್ಯಾಸ ಮಾಡಿದುದೂ ಇಲ್ಲಿಯೇ. ಚಲನಚಿತ್ರಗಳಲ್ಲಿ ದುಷ್ಟ ಜಮೀನ್ದಾರನ ಪಾತ್ರಕ್ಕೆ ಹೆಸರಾದ ಫುಲೆಯವರು ಕೊನೆಯವರೆಗೂ ಸಾಮಾಜಿಕ ಚಳವಳಿಗಳ ಜೊತೆಗೆ ನಿಂತರು ಎಂಬುದು ಆ ತರಬೇತಿಯ ಗುಣವನ್ನು ಸೂಚಿಸುತ್ತದೆ.

ಸೇವಾಪಥಕದ್ದು ಸಲಿಕೆ ಗುದ್ದಲಿಗಳ ಕೆಲಸ. ಹಳ್ಳಿಯ ರಸ್ತೆ, ನೈರ್ಮಲ್ಯ, ಶ್ರಮದಾನದ ಶಿಬಿರಗಳು. ಈ ಎರಡು ಅಂಗಗಳು ಒಂದೇ ಮನೆಯಲ್ಲಿ ಇದ್ದುದೇ ಈ ಪರಂಪರೆಯ ಮುಖ್ಯ ಕೊಡುಗೆ. ಹಳ್ಳಿಯ ಬವಣೆಯನ್ನು ಹಾಡಿದ ಹುಡುಗನಿಗೆ ಅದೇ ಬವಣೆಯ ಮಣ್ಣನ್ನು ಬುಟ್ಟಿಯಲ್ಲಿ ಹೊರುವ ಅವಕಾಶವೂ ಇತ್ತು. ಬರಿಯ ಹಾಡಿನಿಂದ ಹುಟ್ಟುವ ಮರುಕ ತನ್ನನ್ನೇ ಮೆಚ್ಚಿಕೊಳ್ಳತೊಡಗುವುದುಂಟು. ಅತ್ತವನಿಗೆ ತಾನು ಒಳ್ಳೆಯವನೆಂಬ ಸಮಾಧಾನ ಬಂದುಬಿಡುತ್ತದೆ. ಬರಿಯ ಶ್ರಮದಾನವೂ ಮಕ್ಕಳಿಗೆ ಶಿಕ್ಷೆಯಂತೆ ತೋರುತ್ತದೆ.

ಗುರೂಜಿಯವರ ಸಾಹಿತ್ಯವನ್ನು ಕಣ್ಣೀರಿನ ಸಾಹಿತ್ಯವೆಂದು ಹಾಸ್ಯ ಮಾಡಿದವರು ಮರಾಠಿಯಲ್ಲಿಯೇ ಇದ್ದರು. ಆ ಟೀಕೆಯಲ್ಲಿ ಸತ್ಯಾಂಶವಿಲ್ಲದಿಲ್ಲ. ಅವರ ಭಾವುಕತೆ ಕೆಲವೊಮ್ಮೆ ಮಿತಿಮೀರುತ್ತದೆ. ಅವರ ತಾಯಿ ತಪ್ಪು ಮಾಡುವುದೇ ಅಪರೂಪ. ಮಗ ತಪ್ಪು ಮಾಡಿದಾಗಲೆಲ್ಲ ಪಶ್ಚಾತ್ತಾಪ ಸಿದ್ಧವಾಗಿರುತ್ತದೆ. ಮೇಲಾಗಿ, ಇಷ್ಟು ತೆಳುವಾದ ಚರ್ಮದ ಮನುಷ್ಯನಿಗೆ ಲೋಕ ಭಾರವಾಯಿತು. ಗಾಂಧೀಜಿಯವರ ಕೊಲೆಯಾದಾಗ ೨೧ ದಿನ ಪ್ರಾಯಶ್ಚಿತ್ತದ ಉಪವಾಸ ಮಾಡಿದ ಗುರೂಜಿ, ೧೯೪೮ರ ಆಗಸ್ಟ್ ೧೫ರಂದು ‘ಸಾಧನಾ’ ಸಾಪ್ತಾಹಿಕವನ್ನು ಆರಂಭಿಸಿದರು. ೧೯೫೦ರ ಜೂನ್ ೧೧ರಂದು ತಮ್ಮ ಬದುಕನ್ನು ತಾವೇ ಮುಗಿಸಿಕೊಂಡರು. ಪತ್ರಿಕೆ ಮುಂದೆ ಪುಣೆಯ ಶನಿವಾರ ಪೇಟೆಗೆ ಬಂದು ಇಂದಿಗೂ ನಡೆಯುತ್ತಿದೆ. ಆಚಾರ್ಯ ಅತ್ರೆಯವರು ೧೯೫೩ರಲ್ಲಿ ‘ಶ್ಯಾಮಚಿ ಆಈ’ಯನ್ನು ಚಿತ್ರವಾಗಿಸಿದರು; ವನಮಾಲಾ ತಾಯಿಯಾಗಿಯೂ ಮಾಧವ ವಝೆ ಶ್ಯಾಮನಾಗಿಯೂ ಅಭಿನಯಿಸಿದರು. ರಾಷ್ಟ್ರಪತಿಗಳ ಸುವರ್ಣಪದಕವನ್ನು ಮೊಟ್ಟಮೊದಲು ಪಡೆದ ಚಿತ್ರ ಅದು. ಚಿತ್ರ ನೋಡಿ ಅತ್ತವರ ಸಂಖ್ಯೆ ಪುಸ್ತಕ ಓದಿ ಅತ್ತವರಿಗಿಂತ ಎಷ್ಟೋ ಪಾಲು ಹೆಚ್ಚು. ಚಿತ್ರಮಂದಿರದ ಪಕ್ಕದಲ್ಲಿ ಸೇವಾಪಥಕ ಮಾತ್ರ ಇರಲಿಲ್ಲ.

ಪ್ರವಾಸಿ ಕನ್ನಡಿಗರಿಗೆ ಹತ್ತಿರದ್ದು ಗುರೂಜಿಯವರ ಕೊನೆಯ ಕನಸಾದ ಅಂತರಭಾರತಿ. ತಿರುಚಿನಾಪಳ್ಳಿಯ ಸೆರೆಮನೆಯಲ್ಲಿ ದಕ್ಷಿಣದ ಭಾಷೆಗಳವರ ಸಹವಾಸದಲ್ಲಿ ಇದರ ಬೀಜ ಬಿದ್ದಿತು. ತಿರುಕ್ಕುರಳನ್ನು ಅವರು ಮರಾಠಿಗೆ ತಂದರು. ರವೀಂದ್ರರು ವಿಶ್ವಭಾರತಿಯಲ್ಲಿ ಜಗತ್ತನ್ನು ಕೂಡಿಸಲು ಬಯಸಿದರೆ, ಮೊದಲು ಭಾರತದ ಪ್ರಾಂತಗಳೇ ಪರಸ್ಪರ ಪರಿಚಯ ಮಾಡಿಕೊಳ್ಳಲೆಂಬುದು ಗುರೂಜಿಯವರ ಆಶಯ. ೧೯೪೯ರಲ್ಲಿ ಪುಣೆಯಲ್ಲಿ ಆಚಾರ್ಯ ಜಾವಡೇಕರರ ಅಧ್ಯಕ್ಷತೆಯಲ್ಲಿ ನೆರೆದ ಮರಾಠಿ ಸಾಹಿತ್ಯ ಸಮ್ಮೇಳನದಲ್ಲಿ ಈ ಕಲ್ಪನೆಯನ್ನು ಅವರು ಮುಂದಿಟ್ಟರು. ಒಂದು ಪ್ರಾಂತದ ಮಕ್ಕಳು ಇನ್ನೊಂದು ಪ್ರಾಂತದ ಹಾಡು, ಕಥೆ, ನೃತ್ಯಗಳನ್ನು ಆ ಭಾಷೆಯಲ್ಲಿಯೇ ಕಲಿಯಬೇಕು. ನೆರೆಯವನ ಹಾಡು ಬಲ್ಲವನು ನೆರೆಯವನನ್ನು ಸುಲಭವಾಗಿ ದ್ವೇಷಿಸಲಾರ ಎಂಬ ನಂಬಿಕೆ ಇದರ ಹಿಂದಿತ್ತು.

ಈ ನಂಬಿಕೆ ಬಹುಬೇಗ ಪರೀಕ್ಷೆಗೆ ಒಳಗಾಯಿತು. ೧೯೫೬ರ ರಾಜ್ಯ ಪುನರ್ವಿಂಗಡಣೆಯ ಬಳಿಕ ಬೆಳಗಾವಿಯ ಪ್ರಶ್ನೆ ಎದ್ದಾಗ, ಸಂಯುಕ್ತ ಮಹಾರಾಷ್ಟ್ರ ಸಮಿತಿಯ ಪ್ರಧಾನ ನಾಯಕರಲ್ಲೊಬ್ಬರಾಗಿ ನಿಂತವರು ಸೇವಾದಳದ ಎಸ್. ಎಂ. ಜೋಶಿಯವರೇ. ಪೋವಾಡದ ಕಲೆಯೂ ಆ ಚಳವಳಿಯ ಧ್ವನಿಯಾಯಿತು. ಕನ್ನಡದ ಕಡೆಯಲ್ಲಿಯೂ ಏಕೀಕರಣದ ಹಾಡುಗಳು ಮಕ್ಕಳ ಬಾಯಲ್ಲಿದ್ದವು. ಎರಡೂ ಕಡೆಯ ಹಾಡುಗಳು ಉದಾತ್ತವಾಗಿದ್ದವು. ಆದರೆ ಒಂದು ಕಡೆಯ ಹಾಡು ಇನ್ನೊಂದು ಕಡೆಯ ಮಗುವಿಗೆ ಬರುತ್ತಿರಲಿಲ್ಲ. ೧೯೬೭ರ ಮಹಾಜನ ಆಯೋಗದ ವರದಿಯಿಂದಲೂ ವಿವಾದ ಶಮನವಾಗಲಿಲ್ಲ. ಜೋಶಿಯವರು ಅಂತರಭಾರತಿಯ ಧ್ಯೇಯಕ್ಕೆ ದ್ರೋಹ ಬಗೆದರೆಂದು ಹೇಳುವುದು ಅನ್ಯಾಯವಾದೀತು. ಅಸ್ಪೃಶ್ಯತೆಯ ವಿಷಯದಲ್ಲಿ ಕಥೆಯ ಜೊತೆಗೆ ಬಾವಿ, ಗುಡಿ, ಸಹಭೋಜನ ಎಂಬ ಪ್ರತ್ಯಕ್ಷ ಕಾರ್ಯವಿತ್ತು. ಭಾಷೆಯ ವಿಷಯದಲ್ಲಿ ಅಂಥ ಕಾರ್ಯವನ್ನು ರೂಪಿಸುವಷ್ಟು ಆಯುಸ್ಸು ಗುರೂಜಿಯವರಿಗೆ ಉಳಿದಿರಲಿಲ್ಲ. ಅಂತರಭಾರತಿಯ ಮಕ್ಕಳ ಮೇಳಗಳು ಅವರ ಅನುಯಾಯಿಗಳಿಂದ ನಡೆದುಬಂದಿವೆ. ಹಬ್ಬದಂಥ ಕೆಲವು ದಿನಗಳ ಆ ಮೇಳಗಳು ನಿತ್ಯದ ಶಾಖೆಯ ಸ್ಥಾನವನ್ನು ತುಂಬಲಾರವು.

ಇದೇ ಕಾಲದಲ್ಲಿ ಕನ್ನಡದಲ್ಲಿ ನಡೆದ ಯತ್ನಗಳ ದಾರಿ ಬೇರೆ. ಪುತ್ತೂರಿನ ಬಾಲವನದಲ್ಲಿ ಶಿವರಾಮ ಕಾರಂತರು ಮಕ್ಕಳನ್ನು ನಾಟಕ, ಕುಣಿತ, ಸುತ್ತಾಟಗಳ ಮೂಲಕ ಬೆಳೆಸಲು ಹೊರಟರು; ೧೯೩೬ರಲ್ಲಿ ‘ಬಾಲಪ್ರಪಂಚ’ದ ಮೂರು ಸಂಪುಟಗಳನ್ನು ಕೊಟ್ಟರು. ಅವರಲ್ಲಿ ಕಣ್ಣೀರಿಗಿಂತ ಕುತೂಹಲಕ್ಕೆ ಮೊದಲ ಮಣೆ. ಲೋಕವನ್ನು ಬಿಡುಗಣ್ಣಿನಿಂದ ನೋಡಬಲ್ಲ ಮಗು ಪರರನ್ನೂ ಕಾಣಬಲ್ಲದೆಂಬ ಧೈರ್ಯ ಆ ಪದ್ಧತಿಯ ಹಿಂದೆ ಕಾಣುತ್ತದೆ. ಪುಣೆಗೆ ನೇರವಾಗಿ ಸಂಬಂಧಪಟ್ಟವರು ದಿನಕರ ದೇಸಾಯಿಯವರು. ಗೋಪಾಲಕೃಷ್ಣ ಗೋಖಲೆಯವರು ೧೯೦೫ರಲ್ಲಿ ಪುಣೆಯಲ್ಲಿ ಸ್ಥಾಪಿಸಿದ ಭಾರತ ಸೇವಕ ಸಮಾಜದ ಸದಸ್ಯರಾಗಿ ಮುಂಬಯಿಯಲ್ಲಿ ದುಡಿದ ಈ ಚುಟುಕದ ಕವಿ, ಉತ್ತರ ಕನ್ನಡದ ರೈತರ ಪರವಾಗಿ ಹೋರಾಡಿ ಜಿಲ್ಲೆಯಿಂದ ಗಡೀಪಾರಾದರು. ೧೯೫೩ರಲ್ಲಿ ಕೆನರಾ ವೆಲ್ಫೇರ್ ಟ್ರಸ್ಟ್ ಕಟ್ಟಿ ಹಳ್ಳಿಗಳಲ್ಲಿ ಶಾಲೆಗಳನ್ನು ತೆರೆದರು. ಗಡಿಯಾರವನ್ನು ಕುರಿತ ಅವರ ಶಿಶುಗೀತೆಯನ್ನು ಕಲಿಯದ ಕನ್ನಡ ಮಕ್ಕಳು ಕಡಿಮೆ. ದೇಸಾಯಿಯವರು ಮಕ್ಕಳ ಪದ್ಯದಲ್ಲಿ ನೀತಿಯನ್ನು ತುರುಕಲಿಲ್ಲ. ಪದ್ಯವನ್ನು ಹಗುರವಾಗಿಯೇ ಬಿಟ್ಟು, ಅದನ್ನು ಓದಬಲ್ಲ ಬಡವರ ಮಕ್ಕಳ ಸಂಖ್ಯೆಯನ್ನು ಹೆಚ್ಚಿಸುವ ಭಾರವನ್ನು ತಾವು ಹೊತ್ತರು.

ಪುಣೆಯಲ್ಲಿ ಈ ಇತಿಹಾಸದ ಮುಂದಿನ ತಿರುವು ಬಂದುದು ಜರ್ಮನಿಯಿಂದ. ಬರ್ಲಿನ್ನಿನಲ್ಲಿ ಫೋಲ್ಕರ್ ಲುಡ್ವಿಗ್ ಅವರು ೧೯೬೬ರಿಂದ ಬೆಳೆಸಿದ ಮಕ್ಕಳ ರಂಗಭೂಮಿ ೧೯೭೨ರಲ್ಲಿ ಗ್ರಿಪ್ಸ್ ಎಂಬ ಹೆಸರು ಪಡೆಯಿತು. ಅಲ್ಲಿ ರಾಜಕುಮಾರರಿಲ್ಲ, ಮಾತನಾಡುವ ಪ್ರಾಣಿಗಳಿಲ್ಲ. ತಂದೆತಾಯಿಗಳ ಜಗಳ, ಬಾಡಿಗೆಯ ಮನೆ, ಆಟಕ್ಕೆ ಜಾಗವಿಲ್ಲದ ಬೀದಿ ಇವೇ ವಸ್ತು. ಮಕ್ಕಳ ಪಾತ್ರವನ್ನು ದೊಡ್ಡವರೇ ವಹಿಸುತ್ತಾರೆ. ವಲಸೆ ಬಂದ ಗ್ರೀಕ್ ಕಾರ್ಮಿಕರ ಕುಟುಂಬಕ್ಕೂ ಜರ್ಮನ್ ಕುಟುಂಬಕ್ಕೂ ಬಿಡಾರದ ಜಾಗಕ್ಕಾಗಿ ಬೀಳುವ ಜಗಳವನ್ನು ಮಕ್ಕಳ ಕಣ್ಣಿನಿಂದ ತೋರಿಸುವ ನಾಟಕ ೧೯೭೩ರದು. ‘ಘಾಶಿರಾಮ ಕೋತವಾಲ’ ನಾಟಕದೊಡನೆ ೧೯೮೦ರಲ್ಲಿ ಯುರೋಪಿಗೆ ಹೋದ ಪುಣೆಯ ಥಿಯೇಟರ್ ಅಕಾಡೆಮಿಯ ಡಾ. ಮೋಹನ ಆಗಾಶೆಯವರು ಈ ರಂಗಭೂಮಿಯಿಂದ ಆಕರ್ಷಿತರಾದರು. ಅವರು ವೃತ್ತಿಯಿಂದ ಮನೋವೈದ್ಯರು. ೧೯೮೬ರಲ್ಲಿ ಶ್ರೀರಂಗ ಗೋಡಬೋಲೆಯವರ ರೂಪಾಂತರ ‘ಛಾನ ಛೋಟೇ ವಾಈಟ ಮೋಠೇ’ ಪುಣೆಯ ವೇದಿಕೆಗೆ ಬಂದಿತು. ಚಿಕ್ಕವರು ಒಳ್ಳೆಯವರು, ದೊಡ್ಡವರು ಕೆಟ್ಟವರು ಎಂಬುದು ಆ ಹೆಸರಿನ ಭಾವ.

ಶ್ಯಾಮನ ತಾಯಿಯ ಊರಿನಲ್ಲಿ ಇಂಥ ಹೆಸರಿನ ನಾಟಕ! ಐವತ್ತು ವರ್ಷಗಳಲ್ಲಿ ಬೋಧನೆಯ ದಿಕ್ಕೇ ತಿರುಗಿತ್ತು. ಅಲ್ಲಿ ಹಿರಿಯಳು ಹೇಳುತ್ತಾಳೆ, ಮಗು ಕೇಳಿ ಕರಗುತ್ತದೆ. ಇಲ್ಲಿ ಮಗು ಪ್ರಶ್ನಿಸುತ್ತದೆ, ಹಿರಿಯರು ತಬ್ಬಿಬ್ಬಾಗುತ್ತಾರೆ. ಅಲ್ಲಿ ಕಣ್ಣೀರು, ಇಲ್ಲಿ ನಗೆ. ಗ್ರಿಪ್ಸ್‌ನ ಮಗುವಿಗೆ ತನ್ನ ಭಯವನ್ನೂ ಸಿಟ್ಟನ್ನೂ ಹೇಳಿಕೊಳ್ಳುವ ಅಧಿಕಾರವಿದೆ. ತನ್ನ ನೋವಿಗೆ ಹೆಸರಿಡಲು ಕಲಿತವನಿಗೆ ಇನ್ನೊಬ್ಬನ ನೋವನ್ನು ಗುರುತಿಸುವುದು ಸುಲಭವೆಂಬುದು ಮನೋವೈದ್ಯರ ತರ್ಕ. ಆ ತರ್ಕ ಬಲವಾದದ್ದೇ. ಕಳೆದುಹೋದದ್ದು ಬುಟ್ಟಿ ಮತ್ತು ಗುದ್ದಲಿ. ಟಿಕೆಟ್ಟು ಕೊಂಡು ನೋಡುವ ನಾಟಕಕ್ಕೆ ಬರುವ ಮಕ್ಕಳು ಬಹುಮಟ್ಟಿಗೆ ಒಂದೇ ಬಗೆಯ ಮನೆಗಳವರು. ಸೇವಾದಳದ ಮೈದಾನದಲ್ಲಿ ಕೈಹಿಡಿದು ಆಡಿದವರು ಹಾಗಿರಲಿಲ್ಲ.

ಕನ್ನಡಕ್ಕೂ ಗ್ರಿಪ್ಸ್ ಬಂದಿದೆ. ಬೆಂಗಳೂರಿನ ರಂಗಶಂಕರದಲ್ಲಿ ಸುರೇಂದ್ರನಾಥರು ಲುಡ್ವಿಗ್ ಅವರ ಕೃತಿಯನ್ನು ಆಧರಿಸಿ ‘ಗುಮ್ಮ ಬಂದ ಗುಮ್ಮ’ ಎಂಬ ನಾಟಕವನ್ನು ಆಡಿಸಿದರು. ಕನ್ನಡದ ಮಕ್ಕಳು ನಕ್ಕು ನೋಡಿದರು. ಹೀಗೆ ಒಂದೇ ಬರ್ಲಿನ್ ಮನೆಯಿಂದ ಪುಣೆಗೂ ಬೆಂಗಳೂರಿಗೂ ನಾಟಕಗಳು ಬಂದು, ಎರಡೂ ಊರುಗಳ ಮಕ್ಕಳು ಒಂದೇ ಮೂಲದ ಮಾತಿಗೆ ತಂತಮ್ಮ ಭಾಷೆಯಲ್ಲಿ ನಗುವಂತಾಯಿತು. ೧೯೪೯ರಲ್ಲಿ ಗುರೂಜಿಯವರು ಪುಣೆಯ ಸಮ್ಮೇಳನದಲ್ಲಿ ಬಿಡಿಸಿಟ್ಟ ನಕ್ಷೆಯಲ್ಲಿ ಈ ಸುತ್ತುದಾರಿ ಇರಲಿಲ್ಲ. ಅದರಲ್ಲಿ ಹಾಡುಗಳು ಕೃಷ್ಣೆಯನ್ನು ದಾಟಿ ನೇರವಾಗಿ ನೆರೆಮನೆಗೆ ಹೋಗಬೇಕಾಗಿತ್ತು.